ವಾಪಸ್ ಪಡೆಯದ ದೂರು

ನಮ್ಮ ಊರಿನಲ್ಲಿ ಯಾರಾದರೂ ತಾವು ಆಡಿದ ಮಾತನ್ನು ‘ವಾಪಸ್ ತಗಂಡೆ’ ಎಂದು ಬಾಯಿಬಿಟ್ಟು ಹೇಳಿದರೆ ಆ ಮಾತು ಹೋಗಿಯೇ ಬಿಡುತ್ತದೆ. ಕೇಳಿಸಿಕೊಂಡವರಿಗೆ ಅದು ನೆನಪಿರುವುದಿಲ್ಲ, ಆಡಿದವರಿಗೆ ಮಾತ್ರ ನೆನಪಿರುತ್ತದೆ. ಅತ್ತೆಯಂದಿರು ಬೆಳಿಗ್ಗೆ ಬಾಯಿಗೆ ಬಂದಂತೆ ಬೈದು ಊಟದ ಹೊತ್ತಿಗೆ ವಾಪಸ್ ತೆಗೆದುಕೊಳ್ಳುತ್ತಾರೆ. ಸೊಸೆಯಂದಿರು ಏನೂ ನಡೆದೇ ಇಲ್ಲವೆಂಬಂತೆ ಅವರಿಗೆ ಮಜ್ಜಿಗೆ ಬಡಿಸುತ್ತಾರೆ. ಹೆಣ್ಣು ನೋಡಲು ಬಂದವರು ಒಪ್ಪಿಗೆ ಎಂದ ತಕ್ಷಣ ಹೆಣ್ಣಿನ ಕಡೆಯವರು ಅವರ ಬಾಯಿಗೆ ಸಕ್ಕರೆ ತುಂಬಿಬಿಡುತ್ತಾರೆ. ಬಾಯಿ ಖಾಲಿ ಇದ್ದರೆ ವಾಪಸ್ ತೆಗೆದುಕೊಂಡುಬಿಟ್ಟಾರು ಎಂಬ ಭಯ. ನನಗೂ ಯಾವಾಗಲೋ ಒಂದು ಸಂಬಂಧ ಗೊತ್ತಾಗಿದ್ದಿರಬಹುದು. ಅವರು ವಾಪಸ್ ತೆಗೆದುಕೊಂಡಿದ್ದರೆ ನನಗೆ ತಿಳಿಯುವುದಾದರೂ ಹೇಗೆ? ನನಗೆ ಮದುವೆಯಾಗಲಿಲ್ಲ, ಅಷ್ಟು ಗೊತ್ತು.

ಮನೆಯಲ್ಲಿ ವಾಪಸ್ ತೆಗೆದುಕೊಂಡರೆ ಹೋಗುವುದು ಬರೀ ಮಾತು. ಕೋರ್ಟಿನಲ್ಲಿ ದೂರು ವಾಪಸ್ ತೆಗೆದುಕೊಂಡರೆ ದೂರಿನೊಳಗಿದ್ದ ಸಂಗತಿಯೂ ಊರಿನ ನೆನಪಿನಿಂದ ಹೋಗುತ್ತದೆ. ಆಗ ಸಭಾಂಗಣದಲ್ಲಿ ಕೂತವರೆಲ್ಲ ತಾವು ಯಾಕೆ ಬಂದೆವೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂಥವರಿಗೆಂದೇ ಕೋರ್ಟಿನ ಜವಾನ ಹೊರಗೆ ಚಹಾ ಇಟ್ಟುಕೊಂಡಿರುತ್ತಾನೆ. ಕುಡಿದು ಮನೆಗೆ ಹೋಗುತ್ತಾರೆ. ದೂರು ಕೊಟ್ಟಿದ್ದವರು ಮಾತ್ರ ಚಹಾ ಮುಟ್ಟುವುದಿಲ್ಲ. ಅವರು ಹಾಗೆ ಸುಮ್ಮನೆ ಹೊರಗೆ ನಡೆದದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಯೋಚಿಸಿರಲಿಲ್ಲ.

ನನ್ನ ಹೆಸರು ದಾಕ್ಷಾಯಿಣಿ. ಪೇಟೆ ಬೀದಿಯ ಕೊನೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಸತ್ತ ಮೇಲೆ ನಾನೂ ನನ್ನ ತಮ್ಮ ಕೊಟ್ರೇಶನೂ ಅದನ್ನು ನಡೆಸಿಕೊಂಡು ಬಂದೆವು. ನಾನು ಡಬ್ಬಿಗಳನ್ನು ತೂಗಿ ಸರದಿಯಲ್ಲಿ ಇಡುವುದು, ಅವನು ಕಾಳು ಸುರಿದು ಕಲ್ಲು ಸರಿಮಾಡಿ ಹಿಟ್ಟು ಹಿಡಿಯುವುದು. ಕೆಲಸದಲ್ಲಿ ಅವನಷ್ಟು ಚುರುಕಿನವನು ಬೇರೆ ಇರಲಿಲ್ಲ. ಆದರೆ ಸಂಜೆ ಗಿರಣಿಯ ಬೆಲ್ಟು ಬಿಚ್ಚಿದ ಕೂಡಲೇ ಮುಖ ತೊಳೆದುಕೊಂಡು ಪಂಪಾಪತಿ ಸಾಹುಕಾರನ ಸಾರಾಯಿ ಅಂಗಡಿಗೆ ಹೊರಟುಬಿಡುತ್ತಿದ್ದ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ‘ಇವತ್ತೇ ಕೊನೆ’ ಎಂದು ನನಗೆ ಎಷ್ಟು ಸಲ ಮಾತು ಕೊಟ್ಟು ಎಷ್ಟು ಸಲ ವಾಪಸ್ ತೆಗೆದುಕೊಂಡಿದ್ದನೋ ಅವನಿಗೇ ಗೊತ್ತು.

ಒಂದು ಬೆಳಿಗ್ಗೆ ಅವನು ಹಾಸಿಗೆಯಿಂದೆದ್ದು ಗೋಡೆ ಹಿಡಿದುಕೊಂಡು ಗಿರಣಿಯೊಳಗೆ ಬಂದ.

“ಅಕ್ಕಾ, ಮಿಷನ್ ನಿಲ್ಸು. ಹಿಟ್ಟು ಸಿಕ್ಕಾಪಟ್ಟೆ ಹಾರ್ತಾ ಐತೆ, ಏನೂ ಕಾಣ್ತಿಲ್ಲ” ಎಂದ.

ಗಿರಣಿ ಇನ್ನೂ ಶುರುವಾಗಿರಲಿಲ್ಲ. ನೆಲ ಗುಡಿಸಿ ನೀರು ಚಿಮುಕಿಸಿದ್ದೆ, ಹಿಟ್ಟಿನ ಒಂದು ಕಣವೂ ಗಾಳಿಯಲ್ಲಿರಲಿಲ್ಲ. ಅವನು ಎರಡು ಕೈಯಲ್ಲೂ ಮುಖದ ಮುಂದಿನ ಗಾಳಿಯನ್ನು ಸರಿಸುತ್ತಲೇ ಇದ್ದ. ಆ ಬಿಳುಪು ಅವನ ಕಣ್ಣಿನೊಳಗೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ನಸ್ರೀನ್ ಅವನನ್ನು ಪರೀಕ್ಷಿಸಿದರು. ಬೇರೆ ಊರಿನಿಂದ ಬಂದ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುಡಿದದ್ದರಲ್ಲಿ ಬಣ್ಣದ ಕಾರ್ಖಾನೆಗೆ ಹೋಗಬೇಕಾದ ಸ್ಪಿರಿಟ್ ಬೆರೆತಿದೆ, ಜೀವಕ್ಕೆ ಅಪಾಯವಿಲ್ಲ, ಆದರೆ ಕಣ್ಣಿನ ನರ ಸುಟ್ಟುಹೋಗಿದೆ ಎಂದರು. ನಾನು ಕೇಳಿದೆ, “ಕಣ್ಣು ವಾಪಸ್ ಬರ್ತಾವಾ ಡಾಕ್ಟ್ರೇ?” “ಇಲ್ಲಮ್ಮ” ಎಂದರು.

ಕಣ್ಣಿನ ಸಂಕಟ ಸಾಲದೆಂಬಂತೆ ಇನ್ನೊಂದು ಶುರುವಾಯಿತು. ಕುಡಿತ ನಿಂತು ಎರಡು ದಿನವಾಗುವಷ್ಟರಲ್ಲಿ ಕೊಟ್ರೇಶನ ಕೈ ನಡುಗತೊಡಗಿತು. ಬೆವರಿನಿಂದ ಹಾಸಿಗೆ ಒದ್ದೆಯಾಯಿತು. ಕಣ್ಣು ಕಾಣದವನು ಹೊದಿಕೆಯ ಮೇಲೆ ನುಸಿ ಹರಿಯುತ್ತಿದೆಯೆಂದು ಕೂಗಿಕೊಂಡು, ಗೋಧಿ ಆರಿಸುವ ಹಾಗೆ ಒಂದೊಂದಾಗಿ ಹೆಕ್ಕಿ ಹೆಕ್ಕಿ ಕೆಳಗೆ ಹಾಕುತ್ತಿದ್ದ. ನಾನು ಓಡಿಹೋಗಿ ಡಾಕ್ಟರನ್ನು ಕರೆತಂದೆ.

“ಗಾಬರಿ ಆಗ್ಬೇಡಿ. ಇದು ವಿತ್‌ಡ್ರಾವಲ್” ಎಂದರು ಅವರು, ಸೂಜಿಗೆ ಔಷಧಿ ತುಂಬುತ್ತ.

ವಾರ್ಡಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಆ ಪದ ನಮ್ಮೂರಿನವರಿಗೆ ಕೋರ್ಟಿನಿಂದ ಗೊತ್ತು. ಪಕ್ಕದ ಮಂಚದ ಅಜ್ಜಿ ಎದ್ದು ಕೂತು, “ಯಾರು ಏನು ವಾಪಸ್ ತಗಂಡ್ರವ್ವಾ? ನಾವೇನು ಮರೆತ್ವಿ?” ಎಂದು ಕೇಳಿತು.

ಡಾಕ್ಟರಿಗೆ ನಗು ಬಂತು, ನಮ್ಮ ಮುಖ ನೋಡಿ ನಗು ಹೋಯಿತು. “ಇದು ಆ ತರ ಅಲ್ಲ ಅಜ್ಜಿ. ಇವರು ಕುಡಿಯೋದು ಬಿಟ್ಟಿದ್ದಾರೆ, ಇವರ ಮೈ ಇನ್ನೂ ಬಿಟ್ಟಿಲ್ಲ. ನಿಮ್ಮ ಕೋರ್ಟಿನ ವಿತ್‌ಡ್ರಾವಲ್‌ನಲ್ಲಿ ಎಲ್ಲರೂ ಮರೀತಾರೆ. ನಮ್ಮದರಲ್ಲಿ ಮೈ ಏನನ್ನೂ ಮರೆಯಲ್ಲ. ಅದೇ ಕಷ್ಟ.”

ಅವನ ಕೈ ನಡುಕ ನಿಲ್ಲುವವರೆಗೆ ನಾನು ಅಲ್ಲೇ ಇದ್ದೆ. ನಿಂತ ಮೇಲೆ ಪೊಲೀಸ್ ಠಾಣೆಗೆ ಹೋಗಿ ಪಂಪಾಪತಿಯ ಮೇಲೆ ದೂರು ಕೊಟ್ಟೆ. ಒಬ್ಬಳೇ ಹೋಗಿದ್ದೆ, ಒಬ್ಬಳೇ ಬಂದೆ. ನನ್ನ ನೆನಪಿನಲ್ಲಿ ಇದ್ದದ್ದು ಹಾಗೆ.

ಕೇಸು ಹಿಡಿದವರು ಇಂದುಮತಿ ಎಂಬ ವಕೀಲರು. ಕನ್ನಡಕದ ಮೇಲಿಂದ ನೋಡುತ್ತ, ಪ್ರತಿ ಮಾತನ್ನೂ ಬಟ್ಟೆ ಹಿಂಡಿದ ಹಾಗೆ ಹಿಂಡಿ ಆಡುವ ಹೆಂಗಸು. ಮೊದಲ ದಿನವೇ ನನಗೆ ಬಿಡಿಸಿ ಹೇಳಿದರು.

“ಬೇರೆ ಊರಲ್ಲಾದ್ರೆ ಇಂಥ ಕೇಸನ್ನ ದೂರು ಕೊಟ್ಟವರು ವಿತ್‌ಡ್ರಾ ಮಾಡಿದ್ರೂ ಸರ್ಕಾರ ಮುಂದುವರಿಸುತ್ತೆ. ನಮ್ಮೂರಲ್ಲಿ ಮುಂದುವರಿಸೋಕೆ ಯಾರಿಗಾದ್ರೂ ನೆನಪಿರ್ಬೇಕಲ್ಲ? ಕಾಗದ ಇರುತ್ತೆ, ಓದೋಕೆ ಹೋದ್ರೆ ಕಣ್ಣು ಜಾರುತ್ತೆ. ಅದಕ್ಕೇ ಪ್ರತಿ ಸಲ ನ್ಯಾಯಾಧೀಶರು ನಿಮ್ಮನ್ನ ವಾಪಸ್ ಇದೆಯಾ ಅಂತ ಕೇಳ್ತಾರೆ. ಪ್ರತಿ ಸಲ ನೀವು ಇಲ್ಲ ಅನ್ನಬೇಕು. ಪಂಪಾಪತಿ ಕಡೆಯವರು ನಿಮ್ಮ ಮೇಲೆ ಎಲ್ಲಾ ಕಡೆಯಿಂದ ಬರ್ತಾರೆ ದಾಕ್ಷಾಯಿಣಿ. ನಿಮ್ಮಿಂದ ಆಗುತ್ತಾ?”

“ಆಗ್ತೈತೆ” ಎಂದೆ. ಆಗ ಅದು ಸುಲಭದ ಮಾತು ಅನ್ನಿಸಿತ್ತು.

ಮೊದಲು ಬಂದದ್ದು ಯಾರೂ ಬಾರದಿರುವ ಕಷ್ಟ. ನಮ್ಮ ಗಿರಣಿಯ ಮುಂದೆ ಡಬ್ಬಿಗಳ ಸಾಲು ಬೀದಿಯವರೆಗೆ ಇರುತ್ತಿತ್ತು. ಅದು ಬಾಗಿಲವರೆಗೆ ಬಂತು, ಆಮೇಲೆ ಬಾಗಿಲ ಒಳಗೇ ಮುಗಿಯಿತು. ಯಾರೂ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಸುಮ್ಮನೆ ದೂರ ಸರಿದರು. ಹಬ್ಬದ ಎಡೆ ಕಳಿಸುತ್ತಿದ್ದವರು ನಿಲ್ಲಿಸಿದರು. ಎದುರು ಸಿಕ್ಕವರು ಏನೋ ಮರೆತವರಂತೆ ಹಿಂದಿರುಗುತ್ತಿದ್ದರು. ಒಂದು ದಿನ ಪಕ್ಕದ ಮನೆಯಾಕೆಯನ್ನು ಅಡ್ಡಗಟ್ಟಿ ಕೇಳಿಯೇಬಿಟ್ಟೆ. ಆಕೆ ಸೆರಗಿನ ಚುಂಗು ಹಿಂಡುತ್ತ, “ಏನಿಲ್ಲ ಕಣೆ. ನೀನು ಹೆಂಗೂ ಒಂದಿನ ವಾಪಸ್ ತಗಂತೀಯ, ಎಲ್ರೂ ತಗಂಡಿದಾರೆ. ಅಲ್ಲಿವರೆಗೂ ಯಾಕೆ ಸಾವ್ಕಾರ್ರ ಕಣ್ಣಿಗೆ ಬೀಳೋದು ಅಂತ. ಆಮೇಲೆ ನಮಗೆ ಯಾವ್ದೂ ನೆನಪೇ ಇರಲ್ವಲ್ಲ, ಮದ್ಲಿನ ಹಂಗೇ ಇರಾಣ” ಎಂದಳು.

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮೂರಿನಲ್ಲಿ ಜಗಳಗಳು ಮುಗಿಯುವುದೇ ಹಾಗೆ. ಅದಕ್ಕೇ ನನಗೆ ಹೆದರಿಕೆಯಾಯಿತು.

ಪಂಪಾಪತಿ ಸಾಹುಕಾರ ತಾನೇ ಒಂದು ದಿನ ಗಿರಣಿಗೆ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ವಿಭೂತಿ. ಗಲಾಟೆ ಮಾಡುವ ಮನುಷ್ಯನಲ್ಲ. ಕಾಳಿನ ಚೀಲದ ಮೇಲೆ ಕೂತು, ನಾನು ಕೊಟ್ಟ ನೀರು ಕುಡಿದ.

“ದಾಕ್ಷಾಯಿಣಮ್ಮ, ನಿಮ್ಮಪ್ಪ ನನಗೆ ಬೇಕಾದೋರು. ಕೊಟ್ರೇಶಂಗೆ ಆದದ್ದು ನನಗೂ ಹೊಟ್ಟೆ ಉರೀತೈತೆ. ಆದ್ರೆ ಹೋದ ಕಣ್ಣು ಕೇಸಿಂದ ಬರಲ್ಲ. ನೀನು ವಾಪಸ್ ತಗಂಡ್ರೆ ಊರಿಗೆಲ್ಲ ಅವನು ಹುಟ್ಟಿದಾಗಿಂದ್ಲೂ ಕುರುಡ. ಪಾಪ ಅಂತಾರೆ, ಕೈ ಹಿಡಿದು ರಸ್ತೆ ದಾಟಿಸ್ತಾರೆ. ಈಗ ಏನಂತಾರೆ? ಕುಡ್ದು ಕಣ್ ಕಳ್ಕಂಡ ಅಂತಾರೆ. ಯಾವುದು ಚಂದ ಹೇಳು.”

“ನಿಮ್ಮ ಅಂಗ್ಡಿ ಸಾರಾಯಿ ಕುಡ್ದು ಅಂತಾರೆ ಸಾವ್ಕಾರ್ರೆ” ಎಂದೆ.

ಅವನು ಎದ್ದು ಪಂಚೆಗೆ ಹತ್ತಿದ ಹಿಟ್ಟು ಝಾಡಿಸಿದ. “ಯೋಚ್ನೆ ಮಾಡು. ನಾನು ನಿನಗೆ ಕೆಟ್ಟದ್ದು ಹೇಳ್ತಿಲ್ಲ” ಎಂದು ಹೋದ.

ಒಳಗೆ ಕೂತಿದ್ದ ಕೊಟ್ರೇಶನಿಗೆ ಎಲ್ಲವೂ ಕೇಳಿಸಿತ್ತು. ಅವತ್ತು ಊಟಕ್ಕೆ ಕೂತಾಗ ಅವನು ತಟ್ಟೆ ಮುಟ್ಟಲಿಲ್ಲ.

“ಅಕ್ಕಾ, ಸಾವ್ಕಾರ್ ಹೇಳಿದ್ರಲ್ಲಿ ತಪ್ಪೇನೈತೆ?”

“ಉಣ್ಣು ಮೊದ್ಲು.”

“ನಾನು ಬೀದಿಗೆ ಹೋದ್ರೆ ಹುಡುಗ್ರು ನನ್ನ ಹಿಂದೆ ಹಿಂದೆ ತೂರಾಡ್ಕಂಡು ಬರ್ತಾರೆ. ನನಗೆ ಕಾಣಲ್ಲ, ಕೇಳ್ಸುತ್ತೆ. ನೀನು ವಾಪಸ್ ತಗಂಡ್ರೆ ಅದೆಲ್ಲ ಹೋಗ್ತೈತೆ. ನಾನೂ ಮರೀತೀನಿ ಕಣಕ್ಕ. ಮದ್ಲು ನನಗೆ ಕಣ್ಣಿದ್ವು ಅನ್ನೋದೇ ಮರೀತೀನಿ. ಇಲ್ದಿದ್ದಕ್ಕೆ ಯಾರು ಅಳ್ತಾರೆ? ಕುಡಿಯೋ ಆಸೆನೂ ಅದರ ಜತೆಗೇ ಹೋಗ್ಬೋದು. ಇನ್ನೂ ಸಂಜೆ ಆದ್ರೆ ಗಂಟ್ಲು ಎಳಿತೈತೆ ನನಗೆ. ಕೈ ಮುಗೀತೀನಿ, ತಗಂಬಿಡು.”

ಅವನು ನಿಜವಾಗಿಯೂ ಕೈ ಮುಗಿದ. ನಾನು ಇದ್ದ ದಿಕ್ಕಿಗಲ್ಲ, ಸ್ವಲ್ಪ ಪಕ್ಕಕ್ಕೆ. ತಮ್ಮನ ದುಃಖವೇ ಹೋಗುವುದಾದರೆ ಆ ದೂರು ಯಾರಿಗಾಗಿ? ನಾನೊಬ್ಬಳು ನೆನಪಿಟ್ಟುಕೊಂಡರೆ ಸಾಯುತ್ತೇನೆಯೇ? ಮುಂದಿನ ಸಲ ನ್ಯಾಯಾಧೀಶರು ಕೇಳಿದಾಗ ಹೌದು ಅಂದುಬಿಡೋಣವೆಂದು ಮನಸ್ಸು ಮಾಡಿಯೂ ಆಗಿತ್ತು.

ಆದರೂ ಮಾತ್ರೆ ತರಲು ಹೋದಾಗ ಡಾಕ್ಟರ್ ನಸ್ರೀನರನ್ನು ಒಂದು ಮಾತು ಕೇಳಿದೆ. “ನಾನು ದೂರು ವಾಪಸ್ ತಗಂಡ್ರೆ ಅವನಿಗೆ ಕುಡಿಯೋ ಆಸೆನೂ ಮರೆತು ಹೋಗ್ತೈತಾ?”

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ದಾಕ್ಷಾಯಿಣಮ್ಮ, ಆ ದಿನ ಹೇಳಿದ್ನಲ್ಲ, ಮೈ ನಿಮ್ಮೂರಿನ ಕಾನೂನು ಕೇಳಲ್ಲ. ಆಸೆ ಅಲ್ಲೇ ಇರುತ್ತೆ. ಯಾಕೆ ಕುಡೀಬಾರ್ದು ಅನ್ನೋದು ಮಾತ್ರ ಮರೆತುಹೋಗುತ್ತೆ. ಅದೇ ಸಂಜೆ ಅವನು ಅದೇ ಅಂಗಡಿಗೆ ಕೋಲು ಊರ್ಕೊಂಡು ಹೋಗ್ತಾನೆ. ಅಂಗಡಿಯವನಿಗೂ ಮರೆತಿರುತ್ತೆ. ನನಗೂ ಮರೆತಿರುತ್ತೆ. ಅವನನ್ನ ಮತ್ತೆ ಇಲ್ಲಿಗೆ ಎತ್ತಿಕೊಂಡು ಬಂದ್ರೆ ಮೊದಲನೇ ಸಲ ಅನ್ಕೊಂಡು ನೋಡ್ತೀನಿ.”

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿತ್ತು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೊಟ್ರೇಶನ ಮುಂದೆ ನಿಂತು ಹೇಳಿದೆ, “ನಾನು ವಾಪಸ್ ತಗಳಲ್ಲ. ನೀನು ಕೈ ಮುಗಿದ್ರೂ ತಗಳಲ್ಲ, ಕಾಲು ಹಿಡಿದ್ರೂ ತಗಳಲ್ಲ.” ಡಾಕ್ಟರು ಅಂದದ್ದನ್ನೂ ಹೇಳಿದೆ. ಅವನು ಕೇಳಿಸಿಕೊಂಡ, ಗೋಡೆಯ ಕಡೆ ತಿರುಗಿದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಇಷ್ಟು ದಿನ ಊರು ನನ್ನಿಂದ ದೂರ ಸರಿದಿತ್ತು. ಈಗ ಮನೆಯೊಳಗೇ ಒಬ್ಬ ಸರಿದಿದ್ದ. ಹೊರಗಿನವರದ್ದನ್ನು ತಡೆದುಕೊಳ್ಳಬಹುದು. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದ, ನಾನು ಒಗೆದದ್ದನ್ನು ಉಡುತ್ತಿದ್ದ, ಆದರೆ ನಾನು ಕೋಣೆಗೆ ಬಂದರೆ ಹೊದಿಕೆ ಎಳೆದುಕೊಳ್ಳುತ್ತಿದ್ದ. ನಾನು ಕಾಳು ಸುರಿಯುವುದನ್ನೂ ಹಿಟ್ಟು ಹಿಡಿಯುವುದನ್ನೂ ಒಬ್ಬಳೇ ಮಾಡುತ್ತಿದ್ದೆ. ಬರುವ ಗಿರಾಕಿಗಳು ಕಡಿಮೆಯಾಗಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಕೋರ್ಟಿನಲ್ಲಿ ವಾಪಸ್ ಇದೆಯಾ ಎಂದು ಕೇಳಿದಾಗಲೆಲ್ಲ ಇಲ್ಲ ಎನ್ನುತ್ತಿದ್ದೆ. ಜನ ನಿರಾಸೆಯಿಂದ ಬೆಂಚಿನ ಮೇಲೆ ಮಿಸುಕಾಡುತ್ತಿದ್ದರು.

ಕೇಸು ಮಾತ್ರ ಕೈ ಜಾರುತ್ತಿತ್ತು. ಪಂಪಾಪತಿಯ ವಕೀಲ ಒಂದೇ ವಾದ ಹಿಡಿದಿದ್ದ. ಸಾವಿರ ಜನ ಕುಡಿಯುವ ಅಂಗಡಿಯ ಸಾರಾಯಿಯಿಂದ ಒಬ್ಬನಿಗೆ ಮಾತ್ರ ಹೀಗಾಗುವುದುಂಟೇ? ಗಿರಣಿಯಲ್ಲಿ ಮಿಷನ್ ಒರೆಸಲು ಇಟ್ಟಿದ್ದ ಥಿನ್ನರನ್ನೇ ಈ ಮನುಷ್ಯ ಕುಡಿದಿದ್ದಾನೆ. ಇಂದುಮತಿಯವರು ನನ್ನನ್ನು ಹೊರಗೆ ಕರೆದು, “ಇನ್ನೊಬ್ಬರು, ಒಬ್ಬರಾದ್ರೂ ಸಿಕ್ಕಿದ್ರೆ ಅವನ ಬಾಯಿ ಮುಚ್ಚಬಹುದಿತ್ತು. ಒಬ್ಬರ ಕೇಸು ಯಾವಾಗಲೂ ಕುಂಟುತ್ತೆ” ಎಂದರು.

ಆ ವಾರವೇ ಹಾಲಮ್ಮ ಬಂದದ್ದು. ಹಾಲಮ್ಮನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಹಾಲಕ್ಕ ಎನ್ನುತ್ತಾರೆ. ಆಕೆಯ ಗಂಡ ರುದ್ರಪ್ಪ ಕೊಟ್ರೇಶನ ಗೆಳೆಯ. ಕೊಟ್ರೇಶ ಆಸ್ಪತ್ರೆಯಲ್ಲಿದ್ದಾಗಲೇ ರುದ್ರಪ್ಪ ಎದೆನೋವು ಬಂದು ತೀರಿಕೊಂಡಿದ್ದು ಊರಿಗೆಲ್ಲ ಗೊತ್ತಿತ್ತು. ಮಗಳು ಅನ್ನಪೂರ್ಣಳನ್ನು ಪಂಪಾಪತಿಯ ಅಕ್ಕನ ಮಗನಿಗೆ ಕೊಟ್ಟು ಮದುವೆಯಾಗಿತ್ತು. ಹಾಗಾಗಿ ಆಕೆ ಜೋಳದ ಡಬ್ಬಿ ಹಿಡಿದು ನಮ್ಮ ಗಿರಣಿಯ ಮೆಟ್ಟಿಲು ಹತ್ತಿದಾಗ ನನಗೆ ಆಶ್ಚರ್ಯವಾಯಿತು. ಡಬ್ಬಿಯನ್ನು ತಕ್ಕಡಿಗೆ ಇಡಲಿಲ್ಲ, ಎದೆಗೆ ಅವುಚಿಕೊಂಡೇ ನಿಂತಿದ್ದಳು.

“ದಾಕ್ಷಾಯಿಣಿ, ಮಿಷನ್ ಹಾಕ್ಬೇಡ. ನಿನ್ ಹತ್ರ ಮಾತಾಡೋದೈತೆ. ಕೊಟ್ರೇಶನೂ ಕೇಳ್ಲಿ.”

ಕೊಟ್ರೇಶ ಒಳಗಿನ ಬಾಗಿಲಿಗೆ ಬಂದು ನಿಂತ.

“ನಿನಗೆ ಗೊತ್ತಿಲ್ಲ. ಗೊತ್ತಿರಾಕೆ ಸಾಧ್ಯನೂ ಇಲ್ಲ” ಎಂದಳು ಹಾಲಕ್ಕ. “ನೀನು ಠಾಣೆಗೆ ಒಬ್ಳೇ ಹೋಗಿರ್ಲಿಲ್ಲ. ನಾನೂ ಬಂದಿದ್ದೆ. ಇಬ್ರೂ ಒಂದೇ ಬೆಂಚಿನ ಮೇಲೆ ಕೂತಿದ್ವಿ. ನಮ್ಮನೆಯವ್ರು ಎದೆನೋವಿಂದ ಸಾಯ್ಲಿಲ್ಲ ಕಣವ್ವ. ಅದೇ ಸಾರಾಯಿ.”

ನಾನು ಆಕೆಯ ಮುಖ ನೋಡಿದೆ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡೆ. ಅದು ಅವಳಿಗೆ ಕಂಡಿತು.

“ನಂಬಾದು ಕಷ್ಟ. ಪೊಲೀಸಪ್ಪ ನಿನ್ ತಮ್ಮನ ಹೆಸರು ಕೇಳಿದಾಗ ನೀನು ಗಾಬ್ರಿಗೆ ನಿಮ್ಮಪ್ಪನ ಹೆಸ್ರು ಹೇಳ್ದೆ. ಅವ್ರು ಸತ್ತು ಎಷ್ಟೋ ವರ್ಷ ಆಯ್ತಲ್ಲ ಅಂತ ನಾನೇ ತಿದ್ದಿದ್ದು. ಆಗ ನೀನು ನನ್ನ ಕೈ ಹಿಡ್ಕಂಡು ಅತ್ತೆ.”

ಠಾಣೆಯಲ್ಲಿ ಅಪ್ಪನ ಹೆಸರು ಹೇಳಿದ್ದು ನನಗೆ ನೆನಪಿತ್ತು. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ತಿದ್ದಿದವರು ಯಾರೆಂದು ಯೋಚಿಸಿದರೆ ಅಲ್ಲಿ ಯಾರೂ ಇರಲಿಲ್ಲ. ನಾನು ಹಿಡಿದುಕೊಂಡಿದ್ದ ಕೈಯ ಬಿಸಿಯೂ ನೆನಪಿಗೆ ಬರಲಿಲ್ಲ. ಹಾಲಕ್ಕನ ಕೈಯನ್ನೇ ನೋಡುತ್ತ ನಿಂತೆ.

“ಯಾಕೆ ವಾಪಸ್ ತಗಂಡೆ ಹಾಲಕ್ಕ?”

“ಅನ್ನಪೂರ್ಣನ ಮದ್ವೆ ಗೊತ್ತಾಗಿತ್ತು. ಸಾವ್ಕಾರ್ರು ಬಂದು ಕೂತು ಹೇಳಿದ್ರು, ನಿನ್ ಗಂಡ ಕಳ್ಳ ಸಾರಾಯಿ ಕುಡ್ದು ಸತ್ತ ಅಂದ್ರೆ ನಮ್ ಮನೇಗೆ ಅವಳ್ನ ಹೆಂಗೆ ತಗಳಾದು ಅಂತ. ಅವ್ಳು ಒಳಗೆ ಕೂತು ಅಳ್ತಾ ಇದ್ಲು. ಕೋರ್ಟಿಗೆ ಹೋದೆ, ವಾಪಸ್ ತಗಂಡೆ. ಹೊರಗೆ ಬರೋ ಹೊತ್ತಿಗೆ ನನ್ ಮಗ್ಳು ‘ಅಪ್ಪನ್ನ ಎದೆನೋವು ತಗಂಡೋಯ್ತಲ್ಲ ಅವ್ವಾ’ ಅಂತ ನನ್ನ ತಬ್ಕಂಡ್ಲು. ಮದ್ವೆ ಚೆನ್ನಾಗೇ ಆಯ್ತು.” ಹಾಲಕ್ಕ ಉಸಿರು ಎಳೆದುಕೊಂಡಳು. “ತಿಥಿಗೆ ಬಂದೋರೆಲ್ಲ, ಪುಣ್ಯವಂತ, ನರಳ್ದೆ ಹೋದ ಅಂತಾರೆ. ಅವ್ರು ಎಷ್ಟು ನರಳಿದ್ರು ಅನ್ನೋದು ನನಗೊಬ್ಳಿಗೇ ಗೊತ್ತು. ಕತ್ಲು ಕತ್ಲು ಅಂತ ಕೂಗ್ಕಂಡು ಸತ್ರು. ಇಡೀ ಊರಲ್ಲಿ ಇದ್ನ ಯಾರ ಹತ್ರ ಹೇಳ್ಕಂಡು ಅಳ್ಲಿ? ನೀನು ಕೋರ್ಟಲ್ಲಿ ಪ್ರತಿ ಸಲ ಇಲ್ಲ ಅಂದಾಗ ನಾನು ಹಿಂದಿನ ಬೆಂಚಲ್ಲಿ ಕೂತಿರ್ತಿದ್ದೆ. ಮನೇಗೆ ಹೋಗಿ ಅಳ್ತಿದ್ದೆ.”

ಅಲ್ಲಿಯವರೆಗೆ ಬಾಗಿಲಲ್ಲೇ ಇದ್ದ ಕೊಟ್ರೇಶ ಕೇಳಿದ, “ರುದ್ರಣ್ಣಂಗೆ ಆ ಸಾರಾಯಿ ಎಲ್ಲಿ ಸಿಕ್ತು? ಅವ್ನು ಅಂಗ್ಡಿಗೆ ಬರೋದು ಬಿಟ್ಟಿದ್ನಲ್ಲ.”

ಹಾಲಕ್ಕ ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ನಾನು ಬೇಡ ಎಂದು ಸನ್ನೆ ಮಾಡಲು ಕೈ ಎತ್ತಿದೆ. ಆಮೇಲೆ ಇಳಿಸಿದೆ.

“ನೀನೇ ತಂದು ಕೊಟ್ಟಿದ್ದೆ ಕಣಪ್ಪ. ಒಂದು ಬಾಟ್ಲಿ. ಮಗ್ಳ ಮದ್ವೆ ಗೊತ್ತಾದ ಖುಷಿಗೆ ಅಂತ. ನಿನಗೇನು ಗೊತ್ತಿತ್ತು? ನಿನ್ ಮೇಲೆ ನನಗೆ ಸಿಟ್ಟಿಲ್ಲ. ಅವ್ರು ಹೋದ್ರು ಅಂತ ಆಸ್ಪತ್ರೆಗೆ ಬಂದು ನಿನಗೆ ಹೇಳ್ದಾಗ ಗೋಡೆಗೆ ತಲೆ ಚಚ್ಕಂಡೆ ನೀನು. ಅದೂ ನಿನಗೆ ನೆನಪಿಲ್ಲ.”

ಕೊಟ್ರೇಶ ಬಾಗಿಲಲ್ಲೇ ನೆಲಕ್ಕೆ ಕೂತ. ಅಳಲಿಲ್ಲ. ನೆಲದ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸಿದ. ತನ್ನ ಗೆಳೆಯನ ಸಾವಿಗೆ ತಾನು ಅತ್ತದ್ದೂ ತನಗೆ ಉಳಿದಿಲ್ಲವೆಂದು ತಿಳಿದವನ ಮುಖ ಹೇಗಿರುತ್ತದೆಂದು ಅವತ್ತು ನೋಡಿದೆ. ಕೊನೆಗೆ ಅವನು ನನ್ನ ಕಡೆ, ಈ ಸಲ ಸರಿಯಾಗಿ ನನ್ನ ಕಡೆಗೇ, ಮುಖ ತಿರುಗಿಸಿದ.

“ಅಕ್ಕಾ, ನನ್ನ ಕೋರ್ಟಿಗೆ ಕರ್ಕಂಡು ಹೋಗು. ನಾನು ಹೇಳ್ತೀನಿ. ಎಲ್ಲಿ ಕುಡ್ದೆ, ಎಷ್ಟು ಕುಡ್ದೆ, ಯಾರಿಗೆ ಕೊಟ್ಟೆ, ಎಲ್ಲಾ.”

“ಹುಡುಗ್ರು ಇನ್ನೂ ಜೋರಾಗಿ ತೂರಾಡ್ತಾರೆ ಕಣೋ.”

“ತೂರಾಡ್ಲಿ” ಎಂದ.

ಹಾಲಕ್ಕ ಆಗ ಡಬ್ಬಿಯ ಮುಚ್ಚಳ ತೆಗೆದಳು. ಜೋಳದೊಳಗೆ ಕೈ ಹಾಕಿ ಒಂದು ಬಾಟಲಿ ಹೊರತೆಗೆದಳು. ಕಾಲು ಭಾಗ ಉಳಿದಿತ್ತು, ಕೊರಳಲ್ಲಿ ಪಂಪಾಪತಿಯ ಅಂಗಡಿಯ ನೀಲಿ ಅರಗಿನ ಮುದ್ರೆ ಅರ್ಧ ಒಡೆದು ಅಂಟಿಕೊಂಡಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಎಸೆಯಲು ಹೇಳಿದ್ದರಂತೆ. ಅದು ಏನೆಂದು ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಎಸೆಯಲು ಕೈ ಬರಲಿಲ್ಲವಂತೆ.

ಇಂದುಮತಿಯವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ವಾಪಸ್ ತಗೊಂಡ ದೂರನ್ನ ಮತ್ತೆ ಕೊಡೋಕೆ ಬರಲ್ಲ ಹಾಲಮ್ಮ. ಆದ್ರೆ ಸಾಕ್ಷಿ ಹೇಳೋಕೆ ಅಡ್ಡಿ ಇಲ್ಲ. ಯಾರೂ ನಂಬಲ್ಲ, ಅದಕ್ಕೆ ತಯಾರಾಗಿರಿ. ನಿಮ್ಮ ಮಗಳೂ ನಂಬಲ್ಲ” ಎಂದರು.

“ಗೊತ್ತು” ಎಂದಳು ಹಾಲಕ್ಕ.

ಕೋರ್ಟು ಅವತ್ತು ಕಿಕ್ಕಿರಿದಿತ್ತು. ಮೊದಲು ಕೊಟ್ರೇಶ ಕಟಕಟೆ ಹತ್ತಿದ. ಪಂಪಾಪತಿಯ ವಕೀಲ ಅವನನ್ನು ಸಿಕ್ಕಿಸಲು ನೋಡಿದ. “ನೀನು ಕುಡುಕನೋ ಅಲ್ಲವೋ?” ಕೊಟ್ರೇಶ, “ಹೌದು ಸ್ವಾಮಿ, ಕುಡುಕ. ಈಗ ಬಿಟ್ಟಿದೀನಿ, ಇವತ್ತೂ ಗಂಟ್ಲು ಎಳಿತೈತೆ. ಆದ್ರೆ ಥಿನ್ನರ್ ವಾಸ್ನೆ ಯಾವ್ದು, ಸಾರಾಯಿ ವಾಸ್ನೆ ಯಾವ್ದು ಅಂತ ಕುಡುಕನಿಗಲ್ದೆ ಇನ್ಯಾರಿಗೆ ಗೊತ್ತಿರ್ತೈತೆ?” ಎಂದ. ಜನ ನಕ್ಕರು. ಅವನನ್ನು ಹಂಗಿಸುವ ನಗು ಅದಾಗಿರಲಿಲ್ಲ. ಬಾಟಲಿ ತಾನೇ ರುದ್ರಪ್ಪನಿಗೆ ಕೊಟ್ಟದ್ದೆಂದು ಹೇಳಲು ಹೊರಟಾಗ ನ್ಯಾಯಾಧೀಶರು ತಡೆದು, ಅದು ನಿನಗೆ ನೆನಪಿದೆಯೇ ಎಂದು ಕೇಳಿದರು. “ನೆನಪಿಲ್ಲ. ನೆನಪಿರೋರು ಹೇಳಿದಾರೆ, ನಾನು ನಂಬಿದೀನಿ” ಎಂದ.

ಆಮೇಲೆ ಹಾಲಕ್ಕ ಹತ್ತಿದಳು. ಗಂಡ ಸತ್ತ ಬಗೆಯನ್ನು ಒಂದೊಂದಾಗಿ ಹೇಳುತ್ತ ಹೋದಳು. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಅನ್ನಪೂರ್ಣ ಗಂಡನ ಪಕ್ಕದಿಂದ ಎದ್ದು ನಿಂತು ಕೂಗಿಬಿಟ್ಟಳು. “ಅವ್ವಾ! ಯಾಕವ್ವಾ ಸುಳ್ ಹೇಳ್ತೀಯ? ಅಪ್ಪನ್ನ ಯಾಕೆ ಹಿಂಗೆ ಮಾಡ್ತೀಯ?”

ಹಾಲಕ್ಕ ಮಗಳ ಕಡೆ ತಿರುಗಿದಳು. ನ್ಯಾಯಾಧೀಶರು ಮೆಲ್ಲಗೆ, “ಈ ಮಾತುಗಳನ್ನ ವಾಪಸ್ ತಗೊಳ್ಳೋದಿದ್ರೆ ಈಗಲೇ ತಗೋಬಹುದು” ಎಂದರು. ಅವರು ದಯೆಯಿಂದಲೇ ಹೇಳಿದರು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ದಯೆ ಇಲ್ಲ. ಒಂದು ಮಾತು ಅಂದರೆ ಮಗಳ ಅಳು ನಿಲ್ಲುತ್ತಿತ್ತು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ.

ಹಾಲಕ್ಕ ಮಗಳನ್ನೇ ನೋಡುತ್ತ ಹೇಳಿದಳು, “ಒಂದ್ಸಲ ತಗಂಡು ನೋಡಿದೀನಿ ಸ್ವಾಮಿ. ಎಲ್ಲಾರೂ ಹಗುರಾದ್ರು. ಅಷ್ಟೂ ಭಾರ ನಾನೊಬ್ಳೇ ಹೊತ್ತೆ. ಇನ್ನು ಆಗಲ್ಲ. ನನ್ ಮಗ್ಳು ನನ್ನ ಬೈಲಿ, ಮನೇಗೆ ಸೇರಿಸ್ದೆ ಇರ್ಲಿ. ವಾಪಸ್ ಇಲ್ಲ.”

ನ್ಯಾಯಾಧೀಶರು ನನ್ನ ಕಡೆ ತಿರುಗಿ, ಎಂದಿನಂತೆ ನನ್ನನ್ನೂ ಕೇಳಿದರು. ನಾನು ಎದ್ದು ನಿಂತು “ವಾಪಸ್ ಇಲ್ಲ” ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು.

ಬಾಟಲಿಯನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಆಸ್ಪತ್ರೆಯವರು ಆಗಲೇ ತೆಗೆದಿಟ್ಟಿದ್ದ ಕೊಟ್ರೇಶನ ರಕ್ತದಲ್ಲಿದ್ದದ್ದೂ ಅದರಲ್ಲಿದ್ದದ್ದೂ ಒಂದೇ ಎಂದು ವರದಿ ಬಂತು. ಸಾಹುಕಾರನ ಉಗ್ರಾಣದಲ್ಲಿ ಬಣ್ಣದ ಕಾರ್ಖಾನೆಯ ಡ್ರಮ್ಮುಗಳು ಸಿಕ್ಕವು. ಪಂಪಾಪತಿಗೆ ಜೈಲಾಯಿತು. ಅಂಗಡಿಗೆ ಬೀಗ ಬಿತ್ತು. ತೀರ್ಪಿನ ದಿನ ಕೋರ್ಟಿನ ಹೊರಗೆ ಜವಾನ ಅಭ್ಯಾಸಬಲದಿಂದ ಚಹಾ ಇಟ್ಟುಕೊಂಡು ನಿಂತಿದ್ದ. ಜನರಿಗೆ ಎಲ್ಲವೂ ನೆನಪಿತ್ತು, ಆದ್ದರಿಂದ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಪಕ್ಕದ ಮನೆಯಾಕೆ ನನ್ನ ಹತ್ತಿರ ಬಂದು, ಮುಖ ನೋಡಲಾರದೆ, “ನಾನು ನಿನ್ನ ಬಿಟ್ಟು ದೂರ ಹೋದದ್ದು ನಿನಗೆ ನೆನಪಿರ್ತೈತಲ್ಲೇ” ಎಂದಳು. “ಇರ್ತೈತೆ. ಬಾ ಹೋಗಾಣ” ಎಂದೆ. ಇಬ್ಬರೂ ಕೂಡಿ ನಡೆದೆವು. ಅದು ಮೊದಲಿನ ಹಾಗೆ ಇರಲಿಲ್ಲ. ಆದರೆ ಅದೂ ಒಂದು ಬಗೆಯ ನಡಿಗೆಯೇ.

ಕೊಟ್ರೇಶ ಗಿರಣಿಗೆ ಮರಳಿದ. ಕೈಗೆ ಹಿಟ್ಟು ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿ ಕಲ್ಲು ಬಿಗಿಮಾಡುವುದನ್ನು ಕಲಿತ. ಕೆಲವು ಸಂಜೆ ಅವನ ಕಾಲು ತಾನಾಗಿ ಬೀದಿಯ ಕಡೆ ಎಳೆಯುತ್ತದೆ. ಆಗ ನನ್ನನ್ನು ಕರೆದು, “ಅಕ್ಕಾ, ಹೇಳು” ಎನ್ನುತ್ತಾನೆ. ಹಿಟ್ಟು ಹಾರುತ್ತಿದೆ ಎಂದು ಅವನು ಬಂದ ಆ ಬೆಳಗಿನಿಂದ ಶುರುಮಾಡಿ ನಾನು ಹೇಳುತ್ತೇನೆ. ಅವನು ಪೂರ್ತಿ ಕೇಳಿಸಿಕೊಂಡು ಊಟಕ್ಕೆ ಏಳುತ್ತಾನೆ.

ಅನ್ನಪೂರ್ಣ ತಾಯಿಯ ಮನೆಗೆ ಬರಲಿಲ್ಲ. ತೀರ್ಪು ಬಂದ ಮೇಲೂ ಬರಲಿಲ್ಲ. ಹಾಲಕ್ಕ ಅದನ್ನು ಯಾರ ಮುಂದೆಯೂ ಆಡಲಿಲ್ಲ. ದಿನಾ ನಮ್ಮ ಗಿರಣಿಗೆ ಬಂದು ಕಾಳು ಆರಿಸಿಕೊಂಡು ಕೂರುತ್ತಿದ್ದಳು. ಹಬ್ಬದ ಮುಂಚಿನ ದಿನ, ಡಬ್ಬಿಗಳ ಸಾಲು ಮತ್ತೆ ಬೀದಿಗೆ ಇಳಿದಿದ್ದಾಗ, ಅನ್ನಪೂರ್ಣ ಬರಿಗೈಯಲ್ಲಿ ಬಂದು ತಾಯಿಯ ಮುಂದೆ ನಿಂತಳು. ಮಿಷನ್ನಿನ ಸದ್ದಿನಲ್ಲಿ ಅವಳ ತುಟಿ ಅಲುಗಿದ್ದಷ್ಟೇ ನನಗೆ ಕಂಡಿತು. ಹಾಲಕ್ಕನಿಗೂ ಕೇಳಿಸಲಿಲ್ಲ. ಅವಳು ಬಗ್ಗಿ ತಾಯಿಯ ಕಿವಿಯ ಹತ್ತಿರ ಕೂಗಿದಳು.

“ಅವ್ವಾ, ಅಪ್ಪ ಹೆಂಗೆ ಹೋದ್ರು? ನನಗೆ ಹೇಳು. ಎಲ್ಲಾ ಹೇಳು.”

ಯಾರದೋ ಗೋಧಿ ಅರ್ಧ ಬೀಸಿಯಾಗಿತ್ತು. ನಾನು ಮಿಷನ್ ನಿಲ್ಲಿಸಿದೆ. ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಒಬ್ಬರೂ ತಡವಾಯಿತೆಂದು ಅನ್ನಲಿಲ್ಲ. ಹಾಲಕ್ಕ ಮೊರವನ್ನು ಪಕ್ಕಕ್ಕಿಟ್ಟು, ಮಗಳಿಗೆ ಕೂರಲು ಜಾಗ ಮಾಡಿಕೊಟ್ಟು, ಹೇಳತೊಡಗಿದಳು.